ಬಾಯವ್ವ ಗೂಡಿನಲ್ಲಿ ಬಿಟ್ಟ ತತ್ತಿ

ಸುರೇಬಾನದ ಬಾಯವ್ವನಿಗೆ ರಾಜ್ಯವಿರಲಿಲ್ಲ, ದಂಡು ಮಾತ್ರ ಇತ್ತು: ಆರೇಳು ಹೇಂಟೆಗಳು, ಒಂದು ಹುಂಜ. ಹುಂಜದ ಹೆಸರು ದೇಸಾಯಿ. ಕೆಲಸ ಮಾಡದೆ ಎದೆ ಉಬ್ಬಿಸಿ ತಿರುಗುವುದನ್ನು ನೋಡಿ ಇಟ್ಟ ಹೆಸರು. ಅಸಲಿ ದೇಸಾಯರು ಆ ಓಣಿಯ ಕಡೆ ಎಂದೂ ಸುಳಿಯಲಿಲ್ಲವಾದ್ದರಿಂದ ಹುಂಜದ ತಲೆ ಕುತ್ತಿಗೆಯ ಮೇಲೆಯೇ ಉಳಿದಿತ್ತು.

ಗಂಡ ತೀರಿದ ಮೇಲೆ ಮಗ ಶಟ್ಟೆಪ್ಪನನ್ನು ಅವಳು ಬೆಳೆಸಿದ್ದು ಈ ದಂಡಿನ ಬಲದಿಂದ. ದಂಡಿಗೆ ಶಿಸ್ತು ಒಂದೇ. ಗೂಡಿನಿಂದ ತತ್ತಿ ತೆಗೆಯುವಾಗ ಒಂದನ್ನು ಅಲ್ಲೇ ಬಿಡಬೇಕು. ಗೂಡು ಬರಿದಾದರೆ ಕೋಳಿ ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಸೊಸೆ ಇಂದ್ರವ್ವ ಹೊಸದಾಗಿ ಬಂದಾಗ ಎಲ್ಲ ತತ್ತಿಗಳನ್ನೂ ಬಳಿದುಕೊಂಡು ಬಂದಿದ್ದಳು. ಬಾಯವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗುಡಿಗೆ ಕಳಿಸಿದ್ರ ದೀಪಾನೂ ಆರಿಸಿ ಎಣ್ಣಿ ತರ್ತಿದ್ದಿ ನೋಡು ನೀ" ಎಂದಳು. ಇಂದ್ರವ್ವ ಮತ್ತೆ ಮರೆಯಲಿಲ್ಲ.

ಇಂದ್ರವ್ವ ಬಸುರಿಯಾಗಿದ್ದ ಚಳಿಗಾಲ ಪ್ಲೇಗು ಬಂತು. ಮೊದಲು ಇಲಿಗಳು ಸತ್ತವು, ಆಮೇಲೆ ಕುಂಬಾರ ಓಣಿ. ಬಗಲಲ್ಲಿ ಗಂಟು ಎದ್ದವರು ವಾರ ತುಂಬಿಸುತ್ತಿರಲಿಲ್ಲ. ಉಳಿದವರು ಊರು ಬಿಟ್ಟು ಹತ್ತಿರದ ಹೊಲಗಳಲ್ಲಿ ಗುಡಿಸಲು ಹಾಕಿದರು. ಊರಬಾಗಿಲಾದ ಅಗಸಿಗೆ ಜಾಲಿಮುಳ್ಳು ಜಡಿದು, ವಾಲೀಕಾರ ಮಲಕಾಜಪ್ಪನನ್ನು ಕಾವಲಿಗೆ ನಿಲ್ಲಿಸಿದರು. ಒಳಗೆ ಕಾಲಿಟ್ಟವರು ಮತ್ತೆ ಗುಡಿಸಲಿಗೆ ಬರುವಂತಿಲ್ಲ ಎಂದು ಪಂಚರು ಕಟ್ಟಪ್ಪಣೆ ಮಾಡಿದರು.

ಗುಡಿಸಲಲ್ಲೇ ಇಂದ್ರವ್ವ ಹೆತ್ತಳು. ಹೆಣ್ಣುಕೂಸು. ರಕ್ತ ಬಹಳ ಹೋಗಿತ್ತು, ಎದೆಯಲ್ಲಿ ನಾಲ್ಕು ಹನಿ ಬಿಟ್ಟರೆ ಹಾಲಿರಲಿಲ್ಲ. ಎಮ್ಮೆ ಇದ್ದವರು ರೋಗದ ಹೆದರಿಕೆಗೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಬಾಣಂತಿಗೆ ಕಸುವು ಬರಲು ಇದ್ದದ್ದು ತತ್ತಿಯೊಂದೇ. ಸರಿಯಾಗಿ ಅದೇ ಹೊತ್ತಿಗೆ ದಂಡು ಬಂಡೆದ್ದಿತು. ಗುಡಿಸಲಿಗೆ ಬಂದಂದಿನಿಂದ ಒಂದು ಕೋಳಿಯೂ ಒಂದು ತತ್ತಿಯನ್ನೂ ಇಡಲಿಲ್ಲ.

ಮಲಕಾಜಪ್ಪ ಕೋಳಿಶಾಸ್ತ್ರದ ಸಾರ್ವಭೌಮ. ಕಾವಲು ಬಿಟ್ಟು ಬಂದು, ಮಾರು ದೂರದಲ್ಲಿ ಕುಳಿತು ವಿಚಾರಣೆ ಶುರು ಮಾಡಿದ.

"ಜಾಗಾ ಬದಲಿ ಆದ್ರ ಕೋಳಿ ಬೆದರ್ತಾವ ಯಕ್ಕಾ. ಗದ್ದಲಾ ಮಾಡಬ್ಯಾಡ್ರಿ."

"ಗದ್ದಲಾ ಮಾಡಾವ್ರು ಎಲ್ಲಿ ಉಳದಾರೋ ತಮ್ಮಾ? ಹೂತು ಬಂದಿವಲ್ಲ."

"ಗರಿ ಉದುರಸಾಕ ಹತ್ಯಾವೇನು? ಹೊಸಾ ಗರಿ ಬರೂ ಮುಂದ ತತ್ತಿ ನಿಂದರ್ತಾವ."

"ದೇಸಾಯಿ ಕುಂಡಿ ಸುದ್ದಾ ನೋಡೇನಿ. ಒಂದು ಗರಿ ಉದುರಿಲ್ಲ."

ಅಲ್ಲಿಂದ ಮುಂದೆ ನಡೆದದ್ದು ಮಹಾಯುದ್ಧ. ಹೇನಿರಬಹುದೆಂದು ಕೋಳಿಗಳನ್ನು ಬೂದಿಯಲ್ಲಿ ಹೊರಳಾಡಿಸಿದರು. ಚಿಪ್ಪಿಗೆ ಬಲ ಬರಲೆಂದು ಜೋಳದ ನುಚ್ಚಿಗೆ ಒಂದು ಚಿಟಿಕೆ ಸುಣ್ಣ ಕಲಸಿದರು. ಹುತ್ತ ಒಡೆದು ಗೆದ್ದಲು ತಿನ್ನಿಸಿದರು. ಕಾವಿಗೆ ಕೂತಂತೆ ಮುಖ ಮಾಡಿದ್ದ ಒಂದು ಹೇಂಟೆಯನ್ನು ಕಾವು ಬಿಡಲೆಂದು ತಣ್ಣೀರಲ್ಲಿ ಅದ್ದಿದರು. ಅದು ಮಲಕಾಜಪ್ಪನ ರುಮಾಲಿನ ಮೇಲೆ ಹಿಕ್ಕೆ ಹಾಕಿ ಸೇಡು ತೀರಿಸಿಕೊಂಡಿತು. ತತ್ತಿ ಬರಲಿಲ್ಲ. ಗುಡಿಸಲೊಳಗೆ ಕೂಸಿನ ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಕೊನೆಗೆ ಮಲಕಾಜಪ್ಪ ಒಂದು ಹೇಂಟೆಯ ಜುಟ್ಟು ಹಿಡಿದು ನೋಡಿದ. "ಯಕ್ಕಾ, ಜುಟ್ಟು ರಕ್ತದಂಗ ಕೆಂಪಗ ಐತಿ. ಇದು ತತ್ತಿ ಇಡೂ ಕೋಳಿ. ಎಲ್ಲೋ ಇಡಾಕ ಹತ್ತೈತಿ." ಅಗಸಿಯ ಕಡೆ ಕೈ ತೋರಿಸಿ ಹೇಳಿದ: "ನಿನ್ನ ದಂಡು ದಿನಾ ಮುಂಜಾನೆ ಮುಳ್ಳಾಗ ನುಸುಳಿ ಊರಾಗ ಹೋಗಿ ಬರತೈತಿ. ಹುಳಾ ಹೆಕ್ಕಾಕ ಹೊಂಟಾವಂತ ನಾನೂ ಸುಮ್ನಿದ್ದೆ."

ಬಾಯವ್ವ ಎದೆ ಹಿಡಿದುಕೊಂಡು ಕುಳಿತಳು. ಊರಿಗೆ ಊರೇ ಜೀವ ಉಳಿದರೆ ಸಾಕೆಂದು ಓಡಿದ ದಿನ, ಶಿಸ್ತು ಕಾಪಾಡಿದವಳು ಅವಳೊಬ್ಬಳೇ. ಮನೆಯ ಬೀಸುವ ಕಲ್ಲಿನ ಮೂಲೆಯ ಗೂಡಿನಲ್ಲಿ ಒಂದು ತತ್ತಿ ಬಿಟ್ಟೇ ಬಂದಿದ್ದಳು.

"ಇವನ್ನ ಬುಟ್ಟಿ ಹಾಕಿ ಮುಚ್ಚಿಡು" ಎಂದ ಮಲಕಾಜಪ್ಪ. "ಒಳಗೊಂದು ಬಿಳಿ ಕಲ್ಲಿಡು. ಹೊಸಾ ಗೂಡಿಗೆ ಹೊಂದಿಕೋತಾವ."

"ಯಾವಾಗ?"

"ಹುಣ್ಣಿವಿ ದಾಟಿದ ಮ್ಯಾಲ."

"ಕೂಸು ಹುಣ್ಣಿವಿ ನೋಡತೈತೇನು?"

ಮಲಕಾಜಪ್ಪ ಹಿಡಿದಿದ್ದ ಹೇಂಟೆಯನ್ನು ನೆಲಕ್ಕೆ ಬಿಟ್ಟ.

ತತ್ತಿ ತರಲು ಊರೊಳಗೆ ತಾನು ಹೋಗುತ್ತೇನೆಂದು ಶಟ್ಟೆಪ್ಪ ಎದ್ದ. ಬಾಯವ್ವ ಅವನನ್ನು ತಳ್ಳಿ ಕೂರಿಸಿದಳು. "ನೀ ಸತ್ರ ಆಕಿ ಗಂಡಿಲ್ಲದ ರಂಡಿ ಆಗ್ತಾಳ. ಅತ್ತಿ ಸತ್ರ ಯಾ ಸೊಸಿ ಎದಿ ಒಡಕೊಂಡಾಳಲೇ?" ಒಳಗಿನಿಂದ ಇಂದ್ರವ್ವ ಬಿಕ್ಕಿದಳು. "ನೋಡು, ಸುಳ್ಳ ಅಳಾಕ ಈಗ ರೂಢಿ ಮಾಡಾಕ ಹತ್ಯಾಳ" ಎಂದು ಮುದುಕಿ ನಕ್ಕಳು.

ರಾಣಿಯರು ಕತ್ತಿ ಹಿಡಿದು ಕೋಟೆ ಹೊಕ್ಕಿದ್ದಾರೆ. ಬಾಯವ್ವ ಉಡಿಯಲ್ಲಿ ಜೋಳ ಕಟ್ಟಿಕೊಂಡು ಅಗಸಿ ಹೊಕ್ಕಳು. ಮಲಕಾಜಪ್ಪ ಮುಳ್ಳು ಸರಿಸಿದ, ಅವಳ ಬೆನ್ನ ಹಿಂದೆ ಮತ್ತೆ ಎಳೆದ. ಮನೆಯ ಗೂಡಿನ ತುಂಬ ತತ್ತಿ, ಸುತ್ತ ಸತ್ತ ಇಲಿಗಳು. ಒಂದೊಂದು ತತ್ತಿಯನ್ನೂ ನೀರಿಗೆ ಬಿಟ್ಟು, ಕೆಟ್ಟು ತೇಲಿದ್ದನ್ನು ಎಸೆದಳು. ಮುಳುಗಿದ್ದನ್ನು ಬುಟ್ಟಿಗಿಟ್ಟು, ಉದ್ದನೆಯ ಕೋಲಿನ ತುದಿಯಲ್ಲಿ ಮುಳ್ಳಿನಾಚೆ ಚಾಚಿದಳು. ಮಲಕಾಜಪ್ಪ ರೋಗ ಹೋಗಲೆಂದು ಬುಟ್ಟಿಯ ಮೇಲೆ ಬಿಸಿನೀರು ಸುರಿದು ಒಯ್ದ.

ಒಡತಿ ಒಳಗಿದ್ದ ಮೇಲೆ ದಂಡೂ ಅಲ್ಲೇ ಬೀಡುಬಿಟ್ಟಿತು. ದಿನಾ ಮುಂಜಾನೆ ಕೋಲಿನ ತುದಿಯಲ್ಲಿ ಬುಟ್ಟಿ ಬರುತ್ತಿತ್ತು, ಜೊತೆಗೆ ಬಾಯವ್ವನ ದನಿಯೂ. "ಈಗ ಈ ಊರಿಗೆ ನಾನ ಗೌಡತಿ ನೋಡೋ ಮಲಕಾಜಿ! ನನ್ನ ಮಾತಿಗೆ ಒಬ್ರೂ ಎದುರಾಡೂದಿಲ್ಲ!" ಒಂದು ಮುಂಜಾನೆ, ಇಂದ್ರವ್ವನ ಎದೆಯಲ್ಲಿ ಹಾಲು ಇಳಿಯಿತೆಂದು ಅವನು ಕೂಗಿ ಹೇಳಿದ. ಮುಳ್ಳಿನ ಒಳಗಿನಿಂದ ಮೂಗು ಸೀಟಿದ ಸದ್ದು ಕೇಳಿಸಿತು.

ಹುಣ್ಣಿಮೆಯ ಮರುದಿನ ಕೋಲು ಚಾಚಲಿಲ್ಲ. ಮಲಕಾಜಪ್ಪ ಕೂಗಿದ, ಗಂಟಲು ಬೀಳುವ ತನಕ ಕೂಗಿದ. ಬಿಸಿಲು ಏರಿದ ಮೇಲೆ ಮುಳ್ಳು ಅಲುಗಾಡಿತು. ದೇಸಾಯಿ ನುಸುಳಿ ಬಂದ, ಹಿಂದೆ ಹೇಂಟೆಗಳು. ಅವು ನೆಟ್ಟಗೆ ಗುಡಿಸಲಿಗೆ ನಡೆದು, ಹಸಿವಿನಿಂದ ನೆಲ ಕೆದರತೊಡಗಿದವು. ಊರೊಳಗೆ ಜೋಳ ಚೆಲ್ಲುವವರು ಯಾರೂ ಉಳಿದಿರಲಿಲ್ಲ.

ಇಂದ್ರವ್ವ ಕೋಳಿಗಳನ್ನು ನೋಡಿದಳು. ಕೂಸನ್ನು ಗಂಡನ ಕೈಗೆ ಕೊಟ್ಟು, ಎದ್ದು ಒಂದು ಹಿಡಿ ಜೋಳ ಚೆಲ್ಲಿದಳು. ನಿನ್ನೆಯ ಬುಟ್ಟಿಯಲ್ಲಿ ಬಂದ ತತ್ತಿಗಳು ಒಲೆಯ ಪಕ್ಕದಲ್ಲಿದ್ದವು. ಅವುಗಳಲ್ಲಿ ಒಂದನ್ನು ತೆಗೆದು, ಸೆರಗಿನಿಂದ ಒರೆಸಿ, ಗುಡಿಸಲ ಮೂಲೆಯ ಬುಟ್ಟಿಯಲ್ಲಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಒಂದು ಹೇಂಟೆ ಅದರ ಮೇಲೆ ಹತ್ತಿ ಕೂತಿತು.