ಕುರುಗೋಡಿನ ಬಂಡೆಯ ಮೇಲೆ ಒಣಗಿದ ಅಂಜೂರ

1978ರ ಫೆಬ್ರವರಿ 12, ಭಾನುವಾರ, ಬೆಳಗ್ಗೆ ಆರೂ ಕಾಲು ಗಂಟೆ. ಅವ್ವ ಮಾಳಿಗೆಯ ಮೇಲಿಂದ ನನ್ನನ್ನು ಕೂಗಿದಳು. ಹತ್ತಿ ಹೋಗಿ ನೋಡಿದರೆ, ಒಣಗಲು ಹರವಿದ್ದ ಅಂಜೂರದ ಮೇಲೆ ಹಸಿರು ಬೂಷ್ಟು ಕೂತಿತ್ತು. ಜೋಳದ ದಂಟಿನ ತಟ್ಟಿಯ ಮೇಲೆ ಇನ್ನೂರ ನಲವತ್ತು ಹಣ್ಣು ಇಟ್ಟಿದ್ದೆವು, ಎಣಿಸಿ ಇಟ್ಟವಳು ನಾನೇ. ಈಗ ಆರಿಸಿದಾಗ ಮೂವತ್ತೊಂದು ಉಳಿದವು. ಅವ್ವ ಕೆಟ್ಟ ಹಣ್ಣುಗಳನ್ನು ಸೆರಗಿಗೆ ಸುರಿದುಕೊಂಡು ಕೆಳಗಿಳಿದು ಕೋಳಿಗಳಿಗೆ ಚೆಲ್ಲಿದಳು. 

ಆಗ ನನಗೆ ಹದಿನೆಂಟು. ಬಳ್ಳಾರಿಯಲ್ಲಿ ಪಿಯುಸಿ ಮುಗಿಸಿ ಊರಿಗೆ ಬಂದಿದ್ದೆ. ದಿನಾ ಬರೆದಿಡುವ ಚಟ ಕಾಲೇಜಿನಲ್ಲಿ ಹತ್ತಿದ್ದು. ಯಾವ ಗಿಡ ಯಾವತ್ತು ಚಿಗುರಿತು, ಎಷ್ಟು ಹಣ್ಣು ಬಿಟ್ಟಿತು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಇದಕ್ಕೆ ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ನಮ್ಮ ಹೊಲ ಸಿರುಗುಪ್ಪದಿಂದ ಮೂರು ಮೈಲಿ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸುತ್ತಲಿನವರೆಲ್ಲ ಬುಲ್‌ಡೋಸರ್‌ನಿಂದ ನೆಲ ಮಟ್ಟ ಮಾಡಿಸಿ ಭತ್ತಕ್ಕೆ ಇಳಿದರು. ವರ್ಷಕ್ಕೆ ಎರಡು ಬೆಳೆ, ಮಳೆಗಾಲ ಬೇಸಿಗೆ ಎನ್ನದೆ ಗದ್ದೆಯಲ್ಲಿ ನಿಂತ ನೀರು. ನಮ್ಮ ಐದು ಎಕರೆ ಮಾತ್ರ ತೋಟವಾಗಿಯೇ ಉಳಿದಿತ್ತು. ಅಂಜೂರದ ಸಾಲು, ಸಾಲಿನ ನಡುವೆ ಅವರೆ ಮತ್ತು ಹುರುಳಿ, ನೀರು ಹರಿಯುವ ತುದಿಗೆ ಬಾಳೆ, ಬೇಲಿಯ ಗುಂಟ ಬಾರಿ, ಅಂದರೆ ಎಲಚಿ ಗಿಡ, ಮೂಲೆಗೆ ಎರಡು ನೆಲ್ಲಿ. ಉದುರಿದ ಎಲೆಯನ್ನು ಅವ್ವ ಗುಡಿಸುತ್ತಿರಲಿಲ್ಲ, ಸುಡಲೂ ಬಿಡುತ್ತಿರಲಿಲ್ಲ. ಗಿಡದ ಬುಡಕ್ಕೇ ಎಳೆದು, ಮೇಲೆ ಆಡಿನ ಹಿಕ್ಕೆ ಹರಡಿ, ಅದರ ಪಾಡಿಗೆ ಅದನ್ನು ಬಿಡುತ್ತಿದ್ದಳು. ಹೊಲ ಗಲೀಜಾಗಿದೆ ಎಂದು ದಾರಿಯಲ್ಲಿ ಹೋಗುವವರು ಅನ್ನುತ್ತಿದ್ದರು. ಆ ಗಲೀಜಿನ ಕೆಳಗೆ ಕೈ ಹಾಕಿದರೆ ಏಪ್ರಿಲ್‌ನಲ್ಲೂ ಮಣ್ಣು ತಣ್ಣಗಿರುತ್ತಿತ್ತು.

ಅಂಜೂರ ಕಿತ್ತ ಎರಡನೇ ದಿನಕ್ಕೇ ಮೆತ್ತಗಾಗುತ್ತದೆ. ಅದಕ್ಕೇ ಒಣಗಿಸುವುದು. ತೊಟ್ಟಿನಿಂದ ಸುರಿಯುವ ಹಾಲು ತಾಗಿದರೆ ಬೆರಳು ಸುಡುತ್ತದೆ, ಆದ್ದರಿಂದ ಕೈಗೆ ಔಡಲೆಣ್ಣೆ ಸವರಿಕೊಂಡು ಕೀಳುತ್ತಿದ್ದೆವು. ಕುದಿಯುವ ನೀರಿನಲ್ಲಿ ಒಂದು ಮುಳುಗು, ಬೇವಿನ ಸೊಪ್ಪಿನ ಹೊಗೆ, ಆಮೇಲೆ ಬಿಸಿಲು. ಅರ್ಧ ಒಣಗಿದಾಗ ಹೆಬ್ಬೆರಳಿನಿಂದ ಒತ್ತಿ ಬಿಲ್ಲೆ ಮಾಡಿ, ಪೂರ್ತಿ ಒಣಗಿದ ಮೇಲೆ ಪುಂಡಿ ನಾರಿಗೆ ಪೋಣಿಸಿ ಗಡಿಗೆಯಲ್ಲಿಡುವುದು. ಅವ್ವ ಇದನ್ನು ತನ್ನ ತವರಿನಲ್ಲಿ ಕಲಿತಿದ್ದಳು.

ಆ ಭಾನುವಾರ ಅಪ್ಪನೂ ಮನೆಯಲ್ಲಿದ್ದ. ವಾರವೆಲ್ಲ ಬಳ್ಳಾರಿಯ ಹತ್ತಿ ಜಿನ್ನಿನಲ್ಲಿ ತೂಕ ಮಾಡುವ ಕೆಲಸ, ಹೊಲಕ್ಕೆ ಅವ್ವನದೂ ಚಿಕ್ಕಪ್ಪನದೂ ಉಸ್ತುವಾರಿ. ಕೋಳಿಗಳು ಅಂಜೂರ ತಿನ್ನುವುದನ್ನು ನೋಡುತ್ತಲೇ ಚಿಕ್ಕಪ್ಪ ಅಂಗಳಕ್ಕೆ ಬಂದ.

"ನೋಡಿದ್ಯಾ ಅತ್ತಿಗಿ? ಮೂರು ವರ್ಷಾತು ಇದಾ ಕತಿ. ಗಿಡಕ್ಕ ವಯಸ್ಸಾತು. ಕಡದು ಹಾಕಿ ಎಲ್ಲಾರಂಗ ನೆಲ್ಲು ಹಚ್ಚೋಣ."

"ವಯಸ್ಸಾದ ಗಿಡ ಇಷ್ಟು ಹಣ್ಣು ಬಿಡತೈತೇನು ತಮ್ಮಾ? ನನಗೂ ವಯಸ್ಸಾಗೇತಿ. ನನ್ನೂ ಕಡದು ಹಾಕಿ ಅಲ್ಲೊಂದು ಮಡಿ ನೆಲ್ಲು ಹಚ್ಚು."

"ನಗಾಕ ಬರೂದಿಲ್ಲ ಇದು. ಸುತ್ತ ನೋಡು, ಎಲ್ಲಾರ ಮನೀ ಮುಂದ ಚೀಲ ಬಿದ್ದಾವ. ನಮ್ಮನೀ ಮುಂದ ಕೋಳಿ ಅಂಜೂರ ತಿನ್ನತಾವ. ನವಾಬರ ಕೋಳಿ!" ಎಂದು ಚಿಕ್ಕಪ್ಪ ಅಪ್ಪನ ಕಡೆ ತಿರುಗಿದ. "ಅಣ್ಣಾ, ನೀನಾರ ಹೇಳು."

ಅಪ್ಪ ಲೋಟ ಕೆಳಗಿಳಿಸಲೇ ಇಲ್ಲ. "ಅತ್ತಿಗಿ ಮೈದುನ ಏನಾರ ಮಾಡ್ಕೋರಿ. ನನ್ನ ಚಾ ಆರಾಕ ಹತ್ತೈತಿ."

ಕೊನೆಗೆ ಚಿಕ್ಕಪ್ಪನೇ ಪಂಥ ಕಟ್ಟಿದ. "ಯುಗಾದಿಯೊಳಗ ಒಂದು ಹೆಡಿಗಿ ಹಣ್ಣು ಬೂಷ್ಟು ಹಿಡೀದಂಗ ಒಣಗಿಸಿ ತೋರಸು. ತೋಟ ಇರಲಿ, ನಾ ಬಾಯಿ ಬಿಚ್ಚೂದಿಲ್ಲ. ಆಗಲಿಲ್ಲಂದ್ರ ಹಬ್ಬದ ಮರುವಾರ ಡೋಸರ್ ತರಸ್ತೀನಿ. ನೀನೂ ಬಾಯಿ ಬಿಚ್ಚಬಾರದು."

"ಆತು," ಎಂದಳು ಅವ್ವ. ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೇ ಸಿಟ್ಟು ಬಂತು.

ಎರಡನೇ ತಟ್ಟಿಗೆ ಹೊಗೆಯನ್ನು ಎರಡು ಪಟ್ಟು ಕೊಟ್ಟೆವು. ಮಧ್ಯಾಹ್ನ, ಸಂಜೆ ತಿರುವಿ ಹಾಕಿದೆವು. ರಾತ್ರಿ ಹಳೆ ಸೀರೆ ಹೊದಿಸಿದೆವು. ಏಳನೇ ದಿನ ಅದೂ ಹೋಯಿತು. ಗಿಡದ ತಪ್ಪೆಂದು ಚಿಕ್ಕಪ್ಪ, ಯಾರದೋ ಕಣ್ಣು ಬಿತ್ತೆಂದು ನೆರೆಯವರು. ನಾನು ಹಿಂದಿನ ವರ್ಷಗಳ ಗುರುತುಗಳನ್ನು ನೋಡುತ್ತ ಕೂತೆ. ಉಪ್ಪಿನಲ್ಲಿ ಹಾಕಿದ ನೆಲ್ಲಿ ಒಂದೂ ಕೆಟ್ಟಿರಲಿಲ್ಲ, ನಿಂಬೆಯೂ ಕೆಟ್ಟಿರಲಿಲ್ಲ. ಬಿಸಿಲಿಗೆ ಇಟ್ಟ ಅಂಜೂರ ಕೆಟ್ಟಿತ್ತು, ಜಜ್ಜಿ ಬೆಲ್ಲ ಖಾರ ಹಾಕಿ ತಟ್ಟಿದ ಬಾರಿಹಣ್ಣಿನ ವಡೆಯೂ ಕೆಟ್ಟಿತ್ತು. ಬಿಸಿಲು ಬೇಡುವುದೆಲ್ಲ ಕೆಟ್ಟಿದೆ. ಅಷ್ಟು ತಿಳಿಯಿತು, ಮುಂದಕ್ಕೆ ತಿಳಿಯಲಿಲ್ಲ.

ಆ ವಾರ ಅವ್ವನ ಅಕ್ಕನನ್ನು ನೋಡಲು ಕುರುಗೋಡಿಗೆ ಹೋದೆ. ದೊಡ್ಡಮ್ಮನ ಮನೆ ಗುಡ್ಡದ ಬುಡದಲ್ಲಿ, ಹಿತ್ತಲಿಗೆ ಹತ್ತಿದಂತೆಯೇ ಹಾಸುಬಂಡೆ. ಊಟಕ್ಕೆ ಕೂತಾಗ ಆಕೆ ಗಡಿಗೆಯಿಂದ ಉಪ್ಪು ತೆಗೆದು ಬಡಿಸಿದಳು. ಹರಳು ಎಲೆಯ ಮೇಲೆ ಟಪಟಪ ಎಂದು ಬಿತ್ತು. ನಮ್ಮ ಮನೆಯ ಉಪ್ಪು ಹಾಗೆ ಬೀಳುವುದಿಲ್ಲ. ಕೈಗೆ ಹತ್ತಿಕೊಳ್ಳುತ್ತದೆ, ಗಡಿಗೆಯ ತಳದಲ್ಲಿ ನೀರು ನಿಲ್ಲುತ್ತದೆ.

"ಯಾಕವ್ವ, ಉಪ್ಪು ನೋಡಿಲ್ಲೇನು ನೀನು?" ಎಂದಳು ದೊಡ್ಡಮ್ಮ.

ಆ ಸಂಜೆ ಒಂದು ತಟ್ಟೆಯಲ್ಲಿ ಹಿಡಿ ಉಪ್ಪು ಹಾಕಿ ಬಂಡೆಯ ಮೇಲೆ ಇಟ್ಟೆ. ಬೆಳಗ್ಗೆ ಹರಳು ಹಾಗೇ ಇತ್ತು. ಇನ್ನೊಂದು ರಾತ್ರಿ ಉಳಿದು ಮತ್ತೆ ಇಟ್ಟೆ, ಮತ್ತೆ ಹಾಗೇ. ಊರಿಗೆ ಬಂದು ಅದೇ ಉಪ್ಪನ್ನು ನಮ್ಮ ಮಾಳಿಗೆಯ ಮೇಲೆ ಇಟ್ಟೆ. ಬೆಳಗಾದಾಗ ತಟ್ಟೆ ಓರೆ ಮಾಡಿದರೆ ನೀರು ಹರಿಯಿತು.

ಗಿಡಕ್ಕೆ ಏನೂ ಆಗಿರಲಿಲ್ಲ. ನಮ್ಮ ಗಾಳಿ ಒದ್ದೆಯಾಗಿತ್ತು. ಮೂರು ವರ್ಷದಿಂದ ನಾಲ್ಕೂ ಕಡೆ ನಿಂತ ಗದ್ದೆಯ ನೀರು ಹಗಲೆಲ್ಲ ಕಾದು ಆವಿಯಾಗಿ, ರಾತ್ರಿ ಇಬ್ಬನಿಯಾಗಿ ನಮ್ಮ ಹಣ್ಣಿನ ಮೇಲೆ ಇಳಿಯುತ್ತಿತ್ತು. ಹಗಲು ಒಣಗಿದಷ್ಟನ್ನು ರಾತ್ರಿ ವಾಪಸು ಕುಡಿಸುತ್ತಿತ್ತು. ತಟ್ಟೆಯನ್ನು ಅವ್ವನ ಮುಂದೆ ಹಿಡಿದೆ. ಆಕೆ ನೀರಿನಲ್ಲಿ ಬೆರಳದ್ದಿ ನಾಲಗೆಗೆ ಹಚ್ಚಿಕೊಂಡು ನೋಡಿ, "ಹಂಗಾರ ಹಣ್ಣು ಬಸ್ ಹತ್ತಲಿ," ಎಂದಳು.

ಮಾರ್ಚ್ ಮೊದಲ ವಾರ, ಕುರುಗೋಡಿನ ಮೇಲೆ ಬಳ್ಳಾರಿಗೆ ಹೋಗುವ ಬೆಳಗಿನ ಬಸ್ಸಿಗೆ ನಾಲ್ಕು ಬುಟ್ಟಿ ಏರಿಸಲು ಹೋದೆವು. ಕಂಡಕ್ಟರು ಬಾಗಿಲಲ್ಲೇ ಅವ್ವನನ್ನು ತಡೆದ.

"ಏನವ್ವ, ಹಣ್ಣು ಬಳ್ಳಾರಿಗಾ?"

"ಇಲ್ಲಪ್ಪ, ಕುರುಗೋಡಿಗೆ. ಹಾಸುಬಂಡಿ ಮ್ಯಾಲೆ ಒಣಗಸಾಕ."

"ಸಿರುಗುಪ್ಪದಾಗ ಬಿಸಿಲು ತೀರೇತೇನು? ಕುರುಗೋಡಿಗೆ ಬಿಸಿಲು ಕೊಳ್ಳಾಕ ಹೊಂಟೀರಲ್ಲ!"

"ನಿಮ್ಮ ಬಸ್ಸಿನ್ಯಾಗ ಸಿಗತಿದ್ರ ಇಲ್ಲೇ ಕೊಳ್ಳತಿದ್ವಿ. ಬುಟ್ಟಿ ಹಿಡಕೋ, ತಳ ಹಿಡಕೋ. ನಜ್ಜಾದ್ರ ನಿನ್ನ ಕೈಲಿ ತಿನ್ನಸ್ತೀನಿ."

ಇಡೀ ಬಸ್ಸು ನಕ್ಕಿತು. ಆತ ತಳ ಹಿಡಿದೇ ಏರಿಸಿದ.

ಬಂಡೆಯ ಮೇಲೆ ಮೊದಲ ಸಲ ನಾವೇ ಸೋತೆವು. ಮಾರ್ಚಿನ ಕಲ್ಲಿಗೆ ಹಣ್ಣನ್ನು ನೇರ ಹರವಿದರೆ ಸಿಪ್ಪೆ ಒಂದೇ ದಿನಕ್ಕೆ ಚಕ್ಕಳವಾಯಿತು, ಒಳಗೆ ಹಸಿಯೇ ಉಳಿಯಿತು. ಎರಡನೇ ಸಲ ತಟ್ಟಿಯ ನಾಲ್ಕು ಮೂಲೆಗೆ ಕಲ್ಲು ಕೊಟ್ಟು ಗೇಣೆತ್ತರಕ್ಕೆ ಎತ್ತಿ, ನಡು ಮಧ್ಯಾಹ್ನ ತೆಳ್ಳನೆ ಸೀರೆಯ ನೆರಳು ಮಾಡಿದೆವು. ಕೆಳಗಿನ ಕಾವು ಸಂಜೆ ಸೂರ್ಯ ಮುಳುಗಿದ ಮೇಲೂ ಬಂಡೆಯಿಂದ ಏಳುತ್ತಿತ್ತು. ಐದನೇ ದಿನ ಹಣ್ಣು ಮುರಿದರೆ ಒಳಗೆ ಜೇನಿನ ಬಣ್ಣ, ಕೈಗೆ ಅಂಟಿಲ್ಲ.

ಮಂಗಗಳನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ದೊಡ್ಡಮ್ಮ ಕವಣೆ ಹಿಡಿದು ಬಂಡೆಯ ತುದಿಗೆ ಕೂತಳು. ಅರವತ್ತು ದಾಟಿದ ಹೆಂಗಸು, ಗುರಿ ಮಾತ್ರ ತಪ್ಪುತ್ತಿರಲಿಲ್ಲ. "ಬರ್ರಿ, ಬರ್ರಿ, ಬೀಗರು ಬಂದಾರ," ಎಂದು ಕರೆದು ಬಾಲದ ಪಕ್ಕಕ್ಕೇ ಕಲ್ಲು ಬೀಸುತ್ತಿದ್ದಳು. ಹಾಗಿದ್ದೂ ಐವತ್ತಾರು ಹಣ್ಣು ಹೋದವು. ಗುಡಿಗೆ ಹೋಗುವ ಹೆಂಗಸರು ನಿಂತು ನೋಡಿ, ಹಣ್ಣು ಮೂರು ಹೊತ್ತು ಕಾಯುವವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದರು. ನಾವು ಏಳಲಿಲ್ಲ.

ಯುಗಾದಿಗೆ ಒಂದು ವಾರ ಮುಂಚೆ, ಮತ್ತೆ ಭಾನುವಾರ, ಅವ್ವ ತುಂಬಿದ ಹೆಡಿಗೆಯನ್ನು ಅಂಗಳದ ನಡುವೆ ಇಟ್ಟಳು. ಚಿಕ್ಕಪ್ಪ ತಳದವರೆಗೂ ಕೈ ಹಾಕಿ ಕೆದಕಿದ, ಒಂದನ್ನು ಮೂಸಿದ, ಮುರಿದ. ಬೂಷ್ಟು ಸಿಗಲಿಲ್ಲ.

"ಎಲ್ಲಿ ಒಣಗಿಸಿದಿ?"

"ಕುರುಗೋಡಿನ ಹಾಸುಬಂಡಿ ಮ್ಯಾಲೆ."

"ಹಂಗಾರ ಇದು ಲೆಕ್ಕಕ್ಕಿಲ್ಲ. ನಮ್ಮ ಹೊಲದಾಗ ಒಣಗಬೇಕು ಅಂತ ನನ್ನ ಮಾತು. ಊರ ಬಿಟ್ಟು ಊರಿಗೆ ಹೊತ್ತೊಯ್ದು ಒಣಗಸೂದಾದ್ರ ಯಾರು ಬೇಕಾದ್ರೂ ಒಣಗಸ್ತಾರ."

"ನೀನು ಹಂಗ ಅಂದಿರಲಿಲ್ಲ. ಆದ್ರೂ ಇರಲಿ, ಒಂದು ಮಾತು ಹೇಳು ತಮ್ಮಾ. ನೀ ಹಚ್ಚತೀನಿ ಅನ್ನೂ ಭತ್ತಕ್ಕ ನೀರು ಎಲ್ಲಿಂದ ಬರತೈತಿ?"

"ಕಾಲುವಿಂದ."

"ಕಾಲುವಿಗೆ?"

"ಡ್ಯಾಮಿಂದ. ಎಲ್ಲಾರಿಗೂ ಗೊತ್ತೈತಿ."

"ಡ್ಯಾಮು ನಮ್ಮ ಹೊಲದಾಗ ಐತೇನು? ದೂರದಿಂದ ನೀರು ತಂದ್ರ ಅದು ಬ್ಯಾಸಾಯ. ನಾ ಅದರ ಅರ್ಧ ದೂರದಿಂದ ಬಿಸಿಲು ತಂದ್ರ ಅದು ಮೋಸ. ಯಾವ ಊರ ನ್ಯಾಯ ಇದು?"

ಅಪ್ಪ ಅಂದು ಮೊದಲ ಸಲ ಲೋಟ ಕೆಳಗಿಟ್ಟ. ಹೆಡಿಗೆಯಿಂದ ಒಂದು ಅಂಜೂರ ತೆಗೆದು ಬಾಯಿಗೆ ಹಾಕಿಕೊಂಡು, ನಿಧಾನ ಅಗಿದು, "ತೂಕ ಸರಿ ಐತಿ ತಮ್ಮ," ಎಂದ. ಅಷ್ಟೇ. ಆತನ ಬಾಯಿಂದ ಹೊಲದ ವಿಷಯಕ್ಕೆ ನಾನು ಕೇಳಿದ ತೀರ್ಪು ಅದೊಂದೇ.

ಚಿಕ್ಕಪ್ಪ ಸಿಟ್ಟಿನಲ್ಲಿ ಎದ್ದು ಹೋದ. ಆದರೆ ಮಾತು ತಪ್ಪುವವನಲ್ಲ. ನಮ್ಮ ಗಿಡದ ಮೇಲೆ ಕೈ ಹಾಕಲಿಲ್ಲ. ಹಬ್ಬದ ನಂತರ ಪಾಲು ಕೇಳಿ, ಎರಡೂವರೆ ಎಕರೆ ಬಿಡಿಸಿಕೊಂಡ. ಅವನ ಪಾಲಿನಲ್ಲಿದ್ದ ಎರಡು ಸಾಲು ಅಂಜೂರವನ್ನು ಡೋಸರ್ ಒಂದು ಮಧ್ಯಾಹ್ನದಲ್ಲಿ ನೆಲಕ್ಕೆ ಹಾಕಿತು. ನಾನು ಬದುವಿನ ಮೇಲೆ ನಿಂತು ಬೀಳುವ ಗಿಡಗಳನ್ನು ಎಣಿಸಿದೆ. ಬರೆಯಲು ಕೂತಾಗ ಆ ಸಂಖ್ಯೆಯನ್ನು ಮಾತ್ರ ಬರೆಯಲಿಲ್ಲ. ಬಿದ್ದವು ಅವನವು, ನಿಂತವು ನಮ್ಮವು, ನಿಂತವನ್ನು ಬರೆದೆ. ನಲವತ್ತೆಂಟು.

ಈಗ ಮೂರು ಹಂಗಾಮು ಕಳೆದಿವೆ. ಪ್ರತಿ ಮಾರ್ಚಿನಲ್ಲೂ ನಮ್ಮ ಬುಟ್ಟಿಗಳು ಕುರುಗೋಡಿನ ಬಸ್ಸು ಹತ್ತುತ್ತವೆ. ಒಣಗಿಸುವುದು ಈಗ ನಮಗೆ ಕಷ್ಟವಲ್ಲ. ಕಷ್ಟ ಬೇರುಗಳದು. ಚಿಕ್ಕಪ್ಪನ ಗದ್ದೆಯ ಬಸಿ ನೀರು ನಮ್ಮ ಕಡೆ ನುಗ್ಗುತ್ತದೆ, ಕಪ್ಪು ಮಣ್ಣು ಅದನ್ನು ಬಿಡುವುದಿಲ್ಲ. ಬದುವಿನ ಪಕ್ಕದ ಸಾಲಿನಲ್ಲಿ ಏಳು ಗಿಡ ಎಲೆ ಹಳದಿಯಾಗಿ ಸತ್ತವು. ನಾನೂ ಅವ್ವನೂ ಎದೆಮಟ್ಟ ಬಸಿಗಾಲುವೆ ತೋಡಿದ್ದೇವೆ, ಅದರ ದಡಕ್ಕೆ ಬಾಳೆಯನ್ನು ಒತ್ತಾಗಿ ಹಚ್ಚಿದ್ದೇವೆ. ಬಾಳೆ ಕುಡಿಯುತ್ತದೆ, ಸಾಕಾಗುತ್ತಿಲ್ಲ. ಎರಡನೇ ಸಾಲಿನ ಮೂರು ಗಿಡಗಳ ಎಲೆ ಈ ಜನವರಿಯಲ್ಲಿ ಹಳದಿಗೆ ತಿರುಗಿತು. ಗುದ್ದಲಿಗಳನ್ನು ಮತ್ತೆ ಸಾಣೆ ಹಿಡಿಸಿಕೊಂಡು ಬಂದಿದ್ದೇವೆ, ಕಾಲುವೆಯನ್ನು ಇನ್ನೊಂದು ಮೊಳ ಇಳಿಸುತ್ತೇವೆ.

ಭತ್ತದ ಗದ್ದೆಯ ಪಕ್ಕದಲ್ಲೇ ಅಂಜೂರವನ್ನು ಬದುಕಿಸಿಕೊಂಡವರು ಯಾರಾದರೂ ಈ ಸೀಮೆಯಲ್ಲಿ ಇದ್ದರೆ, ಬಸಿ ನೀರನ್ನು ಬಾಳೆಗಿಂತ ಹೆಚ್ಚು ಕುಡಿದು ಅಂಜೂರದ ಬೇರಿಗೆ ತೊಂದರೆ ಕೊಡದ ಮರ ಯಾವುದು, ಅದನ್ನು ಕಾಲುವೆಯಿಂದ ಎಷ್ಟು ದೂರ ಹಚ್ಚಬೇಕು ಎಂದು ದಯವಿಟ್ಟು ಇದನ್ನು ಅಚ್ಚು ಹಾಕಿದ ಈ ರೈತರ ಪತ್ರಿಕೆಗೆ ಬರೆದು ತಿಳಿಸಿ. ಗಿಡ ಕಡಿದು ಭತ್ತ ಹಚ್ಚಿ ಎಂದು ಬರೆಯುವವರು ಅಂಚೆ ಕಾರ್ಡು ಹಾಳು ಮಾಡಿಕೊಳ್ಳುವುದು ಬೇಡ.