ಕಾಕು ಕೇಳಿದ ರಜಾ

ಮೊನ್ನೆ ಪುಣೆಯ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹೊರಗೆ ಹರಿದ ಚಪ್ಪಲಿ ಹೊಲಿಸಲು ನಿಂತಿದ್ದೆ. ಪಕ್ಕದಲ್ಲಿ ಯಾರದೋ ಕರಿ ಬೂಟಿಗೆ ಪಾಲಿಶ್ ನಡೆದಿತ್ತು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಬಡಿದು ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ನಗಬೇಡಿ. ಸುಭೇದಾರ ಕಾಕಾನ ಜೊತೆ ಒಂದೇ ಗೋಡೆ ಹಂಚಿಕೊಂಡು ಬಾಳಿದವರು ಯಾರೇ ಆಗಲಿ, ಅವರ ಬೆನ್ನಿಗೂ ಹೀಗೇ ಆಗುತ್ತದೆ.

ಕಾಕಾ ವಿಜಯಪುರದ ಕಡೆಯವರು. ಮೀಸೆ ಚಿಗುರುವ ವಯಸ್ಸಿಗೆ ಫೌಜಿಗೆ ಸೇರಿ, ಗಡಿಯಲ್ಲಿ ಕಾಲಿಗೆ ಪೆಟ್ಟು ತಿಂದು, ಸುಭೇದಾರರಾಗಿ ನಿವೃತ್ತರಾಗಿ, ಪುಣೆಯಲ್ಲಿ ನಮ್ಮ ಪಕ್ಕದ ಮನೆ ಹಿಡಿದಿದ್ದರು. ನೂರು ಹೆಜ್ಜೆ ನಡೆಯಲಾರದ ಕಾಲಕ್ಕೂ ದಿನಾ ಬೆಳಿಗ್ಗೆ ಬೂಟಿಗೆ ಪಾಲಿಶ್ ಮಾಡುವವರು. "ಎಲ್ಲಿ ಹೋಗೂದದ ಕಾಕಾ?" ಎಂದರೆ, "ಹೋಗೂದು ಬಿಡೂದು ಬ್ಯಾರೆ ಮಾತು. ಬೂಟು ತಯಾರ ಇರಬೇಕು" ಎನ್ನುತ್ತಿದ್ದರು.

ಅವರ ಹೆಂಡತಿ ನಮಗೆಲ್ಲ ಕಾಕು. ಮರಾಠಿಯಲ್ಲಿ ಅದು ಚಿಕ್ಕಮ್ಮ. ಕನ್ನಡದಲ್ಲಿ ಕಾಕು ಅಂದರೆ ಕೊಂಕು ದನಿ ಅಂತಲೂ ಅರ್ಥವಿದೆಯಲ್ಲ? ನಮ್ಮ ಕಾಕುವಿಗೆ ಎರಡೂ ಒಪ್ಪುತ್ತಿದ್ದವು. ಸಿಟ್ಟು ಬಂದರೆ ಆಕೆ ಗಂಡನ ಜೊತೆ ಮರಾಠಿ ಮಾತಾಡುತ್ತಿದ್ದಳು. ಹೊರಗಿನವರ ಜೊತೆ ಆಡುವ ಭಾಷೆ ಅದು, ಈಗ ನೀವೂ ಹೊರಗಿನವರು ಎಂಬ ಸೂಚನೆ. ಗೋಡೆಯಾಚೆಯಿಂದ "ಜೇವಾಯಲಾ ಯಾ", ಊಟಕ್ಕೆ ಬನ್ನಿ, ಅಂತ ಕೇಳಿಸಿದರೆ ನಾವು ಈಚೆ, ಇವತ್ತು ಕಾಕಾಗೆ ಊಟ ಸಿಕ್ಕರೂ ಉಪ್ಪಿನಕಾಯಿ ಸಿಗುವುದಿಲ್ಲ ಎಂದು ತಿಳಿದುಕೊಳ್ಳುತ್ತಿದ್ದೆವು.

ವಯಸ್ಸಾದಂತೆ ಕಾಕಾನ ಆ ಹಳೆಯ ಪೆಟ್ಟು ಸೊಂಟಕ್ಕೆ ಏರಿತು. ಆಮೇಲೆ ಕೈ ನಡುಗಲು ಹತ್ತಿತು. ಹಾಸಿಗೆಯಿಂದ ಎಬ್ಬಿಸುವುದು, ಸ್ನಾನ ಮಾಡಿಸುವುದು, ಗುಂಡಿ ಹಾಕುವುದು, ಎಲ್ಲ ಕಾಕುವೇ. ಆಕೆಯೇನು ಹರೆಯದವಳೇ? ಕಾಕಾನನ್ನು ಎತ್ತುವಾಗ "ಹುಪ್" ಅನ್ನುತ್ತಿದ್ದಳು. ಬರಬರುತ್ತ ಆ "ಹುಪ್"ನ ಹಿಂದೆ ಸಣ್ಣದೊಂದು ನರಳಿಕೆ ಸೇರಿಕೊಂಡಿತು. ಬೆನ್ನಿಗೆ ಪಟ್ಟಿ ಬಂತು. ಡಾಕ್ಟರು, ಇನ್ನು ಭಾರ ಎತ್ತಿದರೆ ನೀವೂ ಹಾಸಿಗೆ ಹಿಡಿಯುತ್ತೀರಿ ಎಂದು ಕಟುವಾಗಿಯೇ ಹೇಳಿದರು.

ಆಳು ಇಡೋಣವೆಂದರೆ ಈ ಊರಿನಲ್ಲಿ ದಿನವಿಡೀ ನೋಡಿಕೊಳ್ಳುವ ಮನುಷ್ಯನ ಕೂಲಿ ಪಿಂಚಣಿಯನ್ನೇ ನುಂಗುತ್ತದೆ. ಆಗ ಕಾಕಾನ ಹಳೆಯ ಗೆಳೆಯರೊಬ್ಬರು ತಿಳಿಸಿದರು: ಸೇವೆಯಲ್ಲಿ ಗಾಯಗೊಂಡು, ಮತ್ತೊಬ್ಬರ ಆಸರೆಯಿಲ್ಲದೆ ದಿನ ಕಳೆಯಲಾರದ ಸೈನಿಕರಿಗೆ ಸರ್ಕಾರ ಪಿಂಚಣಿಯ ಜೊತೆ ಆರೈಕೆಯ ಭತ್ಯೆ ಕೊಡುತ್ತದೆ. ಮೆಡಿಕಲ್ ಬೋರ್ಡಿನ ಡಾಕ್ಟರುಗಳು ನೋಡಿ, ಹೌದು ಎನ್ನಬೇಕು, ಅಷ್ಟೆ.

ಅಷ್ಟೆ! ಬೋರ್ಡು ಎಂದು ಕೇಳಿದ್ದೇ ಕಾಕಾಗೆ ಪರೇಡು ಎಂದು ಕೇಳಿಸಿತು. ವಾರವಿಡೀ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವ ತಾಲೀಮು ನಡೆಸಿದರು. ಆ ದಿನ ಕಾಕು ಕ್ಷೌರ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ, ಪದಕಗಳನ್ನು ಚುಚ್ಚಿ, ಗಾಲಿ ಕುರ್ಚಿಯಲ್ಲಿ ಕೂರಿಸಿ ಕಳಿಸಿದಳು. ನಾನು ಜೊತೆಗೆ ಹೋದೆ. ಅಧಿಕಾರಿ ಒಳಗೆ ಬಂದರು. ಕಾಕಾ ಎದ್ದು ನಿಂತರು! ಸೆಲ್ಯೂಟ್ ಬೇರೆ.

"ಕೋಯೀ ತಕಲೀಫ್, ಸಾಬ್?"

"ನಹೀ ಸರ್! ಸಬ್ ಠೀಕ್!"

ಎಲ್ಲ ಸರಿಯಿದ್ದವರಿಗೆ ಆರೈಕೆ ಯಾತಕ್ಕೆ? ಅರ್ಜಿ ಬಿದ್ದುಹೋಯಿತು. ಅದಕ್ಕೂ ಮೊದಲು, ಹೊರಗಿನ ಪಡಸಾಲೆಯಲ್ಲಿ ಕಾಕಾನೇ ಬಿದ್ದರು. ಅಧಿಕಾರಿ ಅದನ್ನು ನೋಡಲಿಲ್ಲ. ನೋಡದಂತೆ ಕಾಕಾ ಬಾಗಿಲು ಮುಚ್ಚುವ ತನಕ ಕಾದು ಬಿದ್ದರೆಂದು ನನಗೆ ಇಂದಿಗೂ ಗುಮಾನಿ.

ಆ ವಾರ ಪಕ್ಕದ ಮನೆಯಲ್ಲಿ ಬರೀ ಮರಾಠಿ.

ಮರುಪರೀಕ್ಷೆಗೆ ಅರ್ಜಿ ಹಾಕಿದೆವು. ಈ ಸಲ ಕಾಕಾನನ್ನು ತಯಾರು ಮಾಡುವ ಹೊಣೆ ನಾನು ಹೊತ್ತೆ. ಶಾಲೆಯಲ್ಲಿ ಮರದ ಪಾತ್ರ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆನಲ್ಲ, ನಟನೆ ನನಗೆ ತಿಳಿಯುತ್ತದೆಂಬ ಭ್ರಮೆ. "ಸ್ವಲ್ಪ ನರಳಬೇಕು ಕಾಕಾ. ಹಿಂಗ, ಅಯ್ಯಯ್ಯೋ..." ಎಂದು ತೋರಿಸಿದೆ. ಅವರು ಗಾಬರಿಯಿಂದ, "ನಿನಗೇನಾತ ಮಗಳ? ಹೊಟ್ಟಿ ನೋಸ್ತದೇನು?" ಎಂದರು.

"ನೀವು ಹಿಂಗ ಮಾಡಬೇಕ್ರಿ."

"ನಾ ಸುಳ್ಳ ಹೇಳೂದಿಲ್ಲ."

ಒಳಗಿನಿಂದ ಕಾಕು ಕನ್ನಡದಲ್ಲಿ ಸಿಡಿದಳು. "ಎದ್ದು ನಿಂತದ್ದೇ ದೊಡ್ಡ ಸುಳ್ಳಲ್ಲೇನ್ರಿ?"

ಕಾಕಾ ಬೂಟಿಗೆ ಬ್ರಶ್ ಹಾಕಿದರು.

ಬೋರ್ಡಿನ ಹಿಂದಿನ ಸಂಜೆ ಕಾಕು ಅವರೆದುರು ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಕೆಳಗೆ ಬಿಟ್ಟು. "ಸುಭೇದಾರ್ ಸಾಹೇಬ್ರ, ನನಗ ನಾಳೆ ರಜಾ ಬೇಕು. ಇಂದಾಪುರಕ್ಕ ಅಕ್ಕನ ಕಡೆ ಹೋಗ್ತೀನಿ, ಮುಂಜಾನಿ ಬಸ್ಸಿಗೆ. ಸಂಜೀಕ ಬರ್ತೀನಿ."

ಕಾಕಾ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಮ್ಮ ಕೈಕೆಳಗಿನ ಯಾವ ಜವಾನನಿಗೂ ರಜೆ ಇಲ್ಲವೆಂದವರಲ್ಲ ಅವರು. "ಮಂಜೂರ್" ಎಂದರು.

ಬೆಳಿಗ್ಗೆ ಕಾಕು ಚೀಲ ಹಿಡಿದು ಮೆಟ್ಟಿಲಿಳಿದಳು. ಸದ್ದಾಗದಂತೆ ಮತ್ತೆ ಹತ್ತಿ ಬಂದು ನನ್ನ ಅಡುಗೆಮನೆಯಲ್ಲಿ ಕುಳಿತಳು. ಇಂದಾಪುರ ಅಷ್ಟು ಹತ್ತಿರ ಬಂದಿತ್ತು! ಗೋಡೆಗೆ ಕಿವಿ ಹಚ್ಚಿದಳು. ನಮ್ಮ ಯಜಮಾನರು ಸಹಾಯಕ್ಕೆ ಹೋದರೆ ಕಾಕಾ ಬೇಡವೆಂದು ಹಿಂದೆ ಕಳಿಸಿದ್ದರು. ಆಚೆ ತಂಬಿಗೆ ಬಿತ್ತು, ಕಾಕು ಎದ್ದಳು. ನಾನು ಸೆರಗು ಹಿಡಿದು ಕೂರಿಸಿದೆ. ಕುರ್ಚಿ ಸರಿದ ಸದ್ದು, ಮತ್ತೆ ಎದ್ದಳು. "ಕೂಡ್ರಿ ಕಾಕು, ನೀವು ಬಸ್ಸಿನಾಗ ಇದ್ದೀರಿ!" ಎಂದು ಪಿಸುಗುಟ್ಟಿದೆ. ನಗು ಬಂತು ಆಕೆಗೆ. ಮರುಕ್ಷಣ ಸೆರಗು ಬಾಯಿಗೊತ್ತಿ ಅಳತೊಡಗಿದಳು. "ಬನಿಯನ್ ಎಡಗೈಯಿಂದ ಸುರು ಮಾಡಬೇಕು, ಇಲ್ಲಾಂದ್ರ ಸಿಗಿ ಬೀಳ್ತದ. ಅವರಿಗದು ಗೊತ್ತಿಲ್ಲ" ಎಂದಳು.

ಬಾಗಿಲು ತೆರೆದಾಗ ನಾನು ಕಂಡದ್ದು ಬೇರೆಯೇ ಸುಭೇದಾರರನ್ನು. ಗುಂಡಿಗಳು ಒಂದಕ್ಕೊಂದು ತಪ್ಪಿದ್ದವು. ಅರ್ಧ ಗಲ್ಲಕ್ಕೆ ಮಾತ್ರ ಕ್ಷೌರ. ಒಂದು ಕಾಲಿಗೆ ಫಳಫಳ ಬೂಟು, ಇನ್ನೊಂದಕ್ಕೆ ಬಾತ್‌ರೂಮಿನ ನೀಲಿ ಚಪ್ಪಲಿ. "ಸರಿ ಮಾಡ್ಲೇನ್ರಿ?" ಎಂದು ಕೈ ಚಾಚಿದೆ. "ಬ್ಯಾಡ. ನಡಿ" ಎಂದರು.

ಈ ಸಲದ ಅಧಿಕಾರಿ ಹೆಣ್ಣುಮಗಳು. ಕಾಕಾ ಕುರ್ಚಿಯ ಹಿಡಿಕೆಗೆ ಕೈ ಒತ್ತಿದರು. ಏಳುತ್ತಾರೆ, ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಕುಳಿತೇ ಇದ್ದರು.

"ದಿನಾ ನಿಮಗೆ ಬಟ್ಟೆ ತೊಡಿಸುವವರು ಯಾರು?" ಆಕೆ ಹಿಂದಿಯಲ್ಲಿ ಕೇಳಿದರು.

"ನನ್ನ ಹೆಂಡತಿ, ಮೇಡಂ. ಇವತ್ತು ರಜೆಯ ಮೇಲಿದ್ದಾಳೆ."

"ಹಿಂದೆ ಯಾವಾಗ ರಜೆ ತಗೊಂಡಿದ್ದರು?"

ಕಾಕಾ ನೆನಪು ಮಾಡಿಕೊಳ್ಳಲು ನೋಡಿದರು. ಸಿಗಲಿಲ್ಲ. ಆಮೇಲೆ ಕುಳಿತಲ್ಲೇ ಎದೆ ಸೆಟೆಸಿ, ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು: "ಮೇಡಂ, ಪಹರೆಗೆ ನಿಂತವನಿಗೆ ಹೊತ್ತಾದ ಮೇಲೆ ಬದಲಿ ಬರಬೇಕು. ನನ್ನ ಮನೆಯ ಪಹರೆಗೆ ಬದಲಿ ಬಂದೇ ಇಲ್ಲ. ನನಗೆ ಏನೂ ಬೇಡ. ಅವಳಿಗೊಂದು ಬದಲಿ ಕೊಡಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಪರೀಕ್ಷೆ ಬಹಳ ಹೊತ್ತು ನಡೆಯಿತು. ಈ ಸಲ ಕಾಕಾ ಎಲ್ಲದಕ್ಕೂ ನಿಜ ಹೇಳಿದರು. ಆಗುವುದಿಲ್ಲ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಮರಳಿದಾಗ ಕಾಕಾ ಕುರ್ಚಿಯನ್ನು ತಮ್ಮ ಬಾಗಿಲಿಗಲ್ಲ, ನಮ್ಮ ಬಾಗಿಲಿಗೆ ತಿರುಗಿಸೆಂದರು. "ನಿಮ್ಮ ಮನ್ಯಾಗ ಒಬ್ಬ ಜವಾನ ಅಡಗಿ ಕುಂತಾನ. ಹೊರಗ ಬರಾಕ ಹೇಳು."

ಕಾಕು ಬಾಗಿಲಿಗೆ ಬಂದಳು, ಕಳ್ಳಬೆಕ್ಕಿನ ಮುಖ. "ಹ್ಯಾಂಗ ಗೊತ್ತಾತ್ರಿ?"

"ತಂಬಿಗಿ ಬಿದ್ದಾಗ ಗ್ವಾಡಿ ಆಚಿ ಕೈಬಳಿ ಸಪ್ಪಳಾತು. ಆ ಬಳಿ ಗುರುತ ಸಿಗೂದಿಲ್ಲೇನ ನನಗ?"

"ಮತ್ತ ಕರೀಬಾರದಿತ್ತೇನ್ರಿ!"

"ರಜಾ ಮ್ಯಾಲ ಇದ್ದವರನ್ನ ಕರೀಬಾರದು" ಎಂದರು ಕಾಕಾ.

ಕಾಕು ಬಗ್ಗಿ ಅವರ ಗುಂಡಿ ಬಿಚ್ಚಿ ಸರಿಯಾಗಿ ಹಾಕತೊಡಗಿದಳು. ನಾನು ಒಲೆಯ ಮೇಲೆ ಇಲ್ಲದ ಹಾಲು ಉಕ್ಕಿತೆಂದು ಒಳಗೆ ಓಡಿದೆ.

ಭತ್ಯೆ ಬರಲು ತಿಂಗಳುಗಳೇ ಹಿಡಿದವು, ಆದರೆ ಬಂತು. ಪೂರ್ತಿ ಸಾಲದಿದ್ದರೂ ಹೆಗಲು ಕೊಟ್ಟಿತು. ಮಾರುತಿ ಎಂಬ ದಷ್ಟಪುಷ್ಟ ಗೃಹಸ್ಥ ಕೆಲಸಕ್ಕೆ ಬಂದ. ಕಾಕಾ ಅವನನ್ನು ಬದಲಿ ಎಂದೇ ಕರೆದರು, ಅವನ ಚಪ್ಪಲಿಗೂ ಪಾಲಿಶ್ ಹಾಕಿಸಿದರು. ಮಾರುತಿ ಎತ್ತುವಾಗ ಗೋಡೆಯಾಚೆ "ಹುಪ್" ಕೇಳುತ್ತಿರಲಿಲ್ಲ. ಆ ಹೊತ್ತಿಗೆ ಕಾಕು ನಮ್ಮ ಮನೆಯಲ್ಲಿ ಕುಳಿತು, ನನ್ನ ಚಹಾ ಕುಡಿದು, ನನ್ನ ಚಹಾವನ್ನೇ ಬೈಯುತ್ತಿದ್ದಳು.

ಕಾಕಾ ಈಗಿಲ್ಲ. ಮೊನ್ನೆ ನಾನು ಚಪ್ಪಲಿ ಹೊಲಿಸಿಕೊಂಡು ಬಂದ ಮಾರನೆಯ ದಿನ ಕಾಕು ಹಣಿಗೆ ಹಿಡಿದು ನಮ್ಮಲ್ಲಿಗೆ ಬಂದಳು. ಜನ್ಮದಲ್ಲಿ ಯಾರನ್ನೂ ಒಂದು ಲೋಟ ನೀರು ಕೇಳಿದವಳಲ್ಲ. ಮಣೆಯ ಮೇಲೆ ನನಗೆ ಬೆನ್ನು ಹಾಕಿ ಕುಳಿತು, "ಕೈ ಮ್ಯಾಲ ಏಳವೊಲ್ಲದು. ಹೆರಳ ಹಾಕು" ಎಂದಳು.

ಸಂಕೋಚವಿಲ್ಲ, ಪೀಠಿಕೆಯಿಲ್ಲ. ಹಣಿಗೆ ತೆಗೆದುಕೊಂಡೆ. ಕೂದಲು ಎಷ್ಟು ತೆಳುವಾಗಿದೆ! ಹೇಗೋ ಹೆಣೆದೆ. ಮುಗಿದಾಗ ನೋಡಿದರೆ ಹೆರಳು ಎಡಗಿವಿಯತ್ತ ಹೊರಟಿತ್ತು.

"ತಡೀರಿ ಕಾಕು, ಸೊಟ್ಟ ಆಗೇದ. ಬಿಚ್ಚಿ ಮತ್ತ ಹಾಕ್ತೀನಿ."

ಆಕೆ ಕೈ ಹಿಂದೆ ತಂದು ತಡವಿ ನೋಡಿ, ಎದ್ದು ನಿಂತಳು. "ಇರ್ಲಿ ಬಿಡು. ಯಾರ ಹಾಕ್ಯಾರ ಅಂತ ಮಂದಿ ಕೇಳ್ಲಿ. ನಿನ್ನ ಹೆಸರ ಹೇಳ್ತೀನಿ."