ಸ್ಪ್ರಿಂಗು ಕಟ್ಟಿದ ಮಂಚ

ನಾಟ್ಯಪರಂಪರೆಯು ಗುರುವಿನ ಪಾದಗಳ ಮೇಲೆ ನಿಂತಿದೆ ಎಂದು ಬಲ್ಲವರು ಹೇಳುತ್ತಾರೆ. ಶಿಡ್ಲಘಟ್ಟದಲ್ಲಿ ಮಾತ್ರ ಅದು ಕೆಲವು ವರ್ಷ ನಾವು ಬಾಡಿಗೆಗಿದ್ದ ಮನೆಯ ಮೇಲಿನ ಮಾಳಿಗೆಯಲ್ಲಿ, ಕಬ್ಬಿಣದ ಮಂಚದ ಮೇಲೆ ಅಂಗಾತ ಮಲಗಿತ್ತು.

ಅಲ್ಲಿ ಭರತನಾಟ್ಯ ಕಲಿಸುತ್ತಿದ್ದ ಮೇಡಂ ಮಂಡಿ ಕೆಟ್ಟು ವೇದಿಕೆ ಬಿಟ್ಟವರು. ಮಂಚದ ಕಂಬಿಗೆ ಸ್ಪ್ರಿಂಗು ಕಟ್ಟಿ, ಮಕ್ಕಳನ್ನು ಮಲಗಿಸಿ, ಪಾದದಿಂದ ಅದನ್ನು ಎಳೆಸುತ್ತಿದ್ದರು. ತಾಳ ತಟ್ಟುವ ಕೋಲನ್ನು ಮಕ್ಕಳ ಹೊಟ್ಟೆಯ ಮೇಲಿಟ್ಟು, "ಹೊಟ್ಟೆ ಒಳಕ್ಕೆ, ಆಮೇಲೆ ಹೆಜ್ಜೆ" ಎನ್ನುತ್ತಿದ್ದರು. ಕೆಳಗಿದ್ದ ನನಗೆ ಗೆಜ್ಜೆಗಿಂತ ಸ್ಪ್ರಿಂಗಿನ ಕಿರುಗುಟ್ಟುವಿಕೆಯೇ ಹೆಚ್ಚು ಕೇಳಿಸುತ್ತಿತ್ತು.

ಒಂದು ಸಂಜೆ, ರೇಷ್ಮೆಗೂಡಿನ ವ್ಯಾಪಾರಿಯಾದ ಕಟ್ಟಡದ ಯಜಮಾನರು ಮೆಟ್ಟಿಲು ಹತ್ತಿದರು; ನಾನೂ ಹಿಂದೆಯೇ ಹೋದೆ. ಮಂಚದ ಮೇಲೆ ಅವರ ಮಗಳೇ ಇದ್ದಳು.

"ಡ್ಯಾನ್ಸಿಗೆ ಅಂತ ಮಾಳಿಗೆ ಕೊಟ್ರೆ ಆಸ್ಪತ್ರೆ ಮಾಡಿದ್ದೀರಲ್ಲಮ್ಮ! ಮಂಚ ಇಳಿಸಿ, ಇಲ್ಲ ನೀವು ಇಳೀರಿ."

"ಈ ಕಸರತ್ತು ಆಸ್ಪತ್ರೆದೇ ಸ್ವಾಮಿ. ಮೊದಲನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಜರ್ಮನಿಯವನೊಬ್ಬ ರೋಗಿಗಳ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ಶುರು ಮಾಡಿದ್ದಂತೆ. ಆಮೇಲೆ ಅಮೆರಿಕಾದಲ್ಲಿ ಕಾಲು ಕೆಡಿಸ್ಕೊಂಡ ಡ್ಯಾನ್ಸರ್‌ಗಳು ಅವನ ಹತ್ರಾನೇ ಹೋದ್ರು. ನನ್ನ ಮಂಡಿ ಹೋಗೋವಾಗ ಯಾರೂ ಹೇಳ್ಲಿಲ್ಲ. ನಿಮ್ಮ ಮಗಳದು ಹೋಗಕ್ಕೆ ನಾನು ಬಿಡಲ್ಲ."

"ನಮ್ಮ ಭರತನಾಟ್ಯಕ್ಕೆ ಜರ್ಮನಿಯೋನು ಯಾಕಮ್ಮ?"

"ಮಂಡಿಗೆ ಯಾವ ದೇಶ ಸ್ವಾಮಿ? ನೀವೂ ಹೊಟ್ಟೆ ಒಳಕ್ಕೆ ಎಳ್ಕೊಳ್ಳಿ, ಆಮೇಲೆ ಮಾತಾಡಣ."

ಯಜಮಾನರು ಅರಿವಿಲ್ಲದೆ ಹೊಟ್ಟೆ ಎಳೆದುಕೊಂಡರು. ಮಗಳು ಮಲಗಿದಲ್ಲೇ ಕಿಸಕ್ಕನೆ ನಕ್ಕಳು. ಮರುದಿನ ಮಾಳಿಗೆಗೆ ಬೀಗ ಬಿತ್ತು.

ಮಂಚ ಈಗ ಹತ್ತಿರದ ದಿಬ್ಬೂರಹಳ್ಳಿಯಲ್ಲಿ, ರೇಷ್ಮೆಹುಳು ಸಾಕುವ ಮನೆಯೊಂದರಲ್ಲಿದೆ. ಹುಳು ಇಲ್ಲದ ದಿನಗಳಲ್ಲಿ ಅಲ್ಲಿ ಪಾಠ ನಡೆಯುತ್ತದೆ. ಯಜಮಾನರ ಮಗಳು ಬಸ್ಸಿನಲ್ಲಿ ಹೋಗಿಬರುತ್ತಾಳೆ.